ವಿಶ್ರಾಂತಿಯ ನಂತರದ ಪ್ರೇಕ್ಷಕ

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ನಮ್ಮ ಮನೆಯ ಟೀವಿಯಲ್ಲಿ ಯಾವುದಾದರೊಂದು ಹಳೆಯ ಕಪ್ಪು-ಬಿಳುಪು ಕನ್ನಡ ಚಿತ್ರ ಶುರುವಾಗುತ್ತದೆ. ಪರದೆಯ ಮೇಲೆ ಹೆಸರುಗಳು ತೇಲಿಬರುವಾಗ, ಹತ್ತಾರು ಪಿಟೀಲುಗಳು ಒಟ್ಟಿಗೆ ನಿಟ್ಟುಸಿರು ಬಿಡುವಾಗ ನಾನು ಎಚ್ಚರವಾಗಿಯೇ ಇರುತ್ತೇನೆ. ಹಾಡು ಬರೆದವರ ಹೆಸರು ಬರುವ ಹೊತ್ತಿಗೆ ರೆಪ್ಪೆ ಭಾರವಾಗುತ್ತದೆ. ನಿರ್ದೇಶಕರ ಹೆಸರು ಬರುವುದು ಎಲ್ಲಕ್ಕಿಂತ ಕೊನೆಗೆ. ಅಲ್ಲಿಯವರೆಗೆ ನಾನು ತಲುಪುವುದೇ ಇಲ್ಲ. ಆಮೇಲೆ ನಿದ್ದೆಯ ಅಂಚಿನಲ್ಲಿ ಯಾರೋ ಮದುವೆಯಾಗುತ್ತಾರೆ, ಯಾರೋ ಕೆಮ್ಮುತ್ತಾರೆ, ಎತ್ತಿನ ಗಾಡಿಯೊಂದು ಗೆಜ್ಜೆಯ ಸದ್ದು ಮಾಡುತ್ತ ನನ್ನ ಎಡಗಿವಿಯಿಂದ ಬಲಗಿವಿಗೆ ಹಾದುಹೋಗುತ್ತದೆ. ‘ವಿಶ್ರಾಂತಿ’ ಎಂಬ ಅಕ್ಷರಗಳು ಮೂಡಿದ್ದೇ ತಡ, ಯಾರೂ ಎಬ್ಬಿಸದೆ ನನಗೆ ಪಟ್ಟನೆ ಎಚ್ಚರವಾಗುತ್ತದೆ.

ಅಲ್ಲಿಂದ ಮುಂದೆ ನನ್ನಂಥ ಪ್ರೇಕ್ಷಕ ಇನ್ನೊಬ್ಬನಿಲ್ಲ. ಬೆನ್ನು ನೆಟ್ಟಗೆ ಮಾಡಿಕೊಂಡು ಕೂರುತ್ತೇನೆ. ಬೆಳಕು ಎಲ್ಲಿಂದ ಬೀಳುತ್ತಿದೆ, ನಾಯಕಿ ಕಣ್ಣೀರಿಗೆ ಏನು ಹಾಕಿಕೊಂಡಿರಬಹುದು, ಗುಡುಗು ನಿಜವಾದದ್ದೋ ತಗಡಿನದ್ದೋ, ಎಲ್ಲವನ್ನೂ ಜೋರಾಗಿ ಹೇಳುತ್ತೇನೆ. ಕೊನೆಯ ದೃಶ್ಯ ಬರುತ್ತಿದೆ ಅನ್ನುವಾಗ ಮಾತ್ರ ಕಾಲುಗಳು ತಾವಾಗಿಯೇ ಏಳುತ್ತವೆ. ಹೋಗಿ ಮುಂಬಾಗಿಲ ಹತ್ತಿರ ನಿಂತು, ಎಲ್ಲರ ಚಪ್ಪಲಿಗಳನ್ನು ಸಾಲಾಗಿ ಜೋಡಿಸುತ್ತೇನೆ.

“ಎಲ್ಲರೂ ಅಳೋ ಹೊತ್ತಿಗೆ ಸರಿಯಾಗಿ ಎದ್ದುಹೋಗ್ತೀರಲ್ಲ ರೀ,” ಎನ್ನುತ್ತಾಳೆ ಹೆಂಡತಿ ಸರೋಜ. “ಚಪ್ಪಲಿಗೇನು ಕಾಲು ಬಂದಿದ್ಯಾ, ಓಡಿಹೋಗೋಕೆ?”

ನಾನು ನಕ್ಕು ಸುಮ್ಮನಾಗುತ್ತೇನೆ. ನಕ್ಕು ಸುಮ್ಮನಾಗುವುದರಲ್ಲೇ ನನ್ನ ಬಹುಪಾಲು ಆಯುಸ್ಸು ಕಳೆಯಿತು. ಈಗ ನಿಮ್ಮ ಮುಂದೆ ಇದನ್ನೆಲ್ಲ ಹೇಳಿಕೊಳ್ಳುತ್ತಿರುವುದಕ್ಕೆ ಕಾರಣ ಖಾದರ್. ನಮ್ಮ ಭಾನುವಾರದ ಚಿತ್ರಕ್ಕೆ ಘಾಜಿಯಾಬಾದಿನಿಂದ ನಾವಿರುವ ದ್ವಾರಕಾಕ್ಕೆ, ಇಡೀ ದಿಲ್ಲಿಯನ್ನು ಮೆಟ್ರೋದಲ್ಲಿ ದಾಟಿಕೊಂಡು ಬರುತ್ತಿದ್ದ ನನ್ನ ಗೆಳೆಯ ಖಾದರ್, ಈ ಚಳಿಗಾಲದಲ್ಲಿ ಒಂದು ಭಾನುವಾರ ಚಿತ್ರದ ನಡುವೆ ಎದ್ದು ಹೋದವನು ಮತ್ತೆ ಬರಲಿಲ್ಲ. ಅದಕ್ಕೆ ನನ್ನ ನಾಲಿಗೆ ಕಾರಣ. ನಾಲಿಗೆಗೆ ಕಾರಣ ಏನೆಂದು ಹೇಳಬೇಕಾದರೆ ಸ್ವಲ್ಪ ಸುತ್ತಿ ಬರಬೇಕು, ಅವಸರ ಮಾಡಬೇಡಿ.

ನಮ್ಮ ಮನೆ ನಾಲ್ಕನೆಯ ಮಹಡಿಯಲ್ಲಿದೆ. ಡಿಸೆಂಬರಿನ ಬಿಸಿಲು ಮಧ್ಯಾಹ್ನದ ಹೊತ್ತಿಗೆ ಬಾಲ್ಕನಿಯಿಂದ ಒಳಗೆ ಬಂದು, ನೆಲದ ಮೇಲೆ ಚಾಪೆ ಹಾಸಿದಂತೆ ಬಿದ್ದುಕೊಳ್ಳುತ್ತದೆ. ಹೊರಗೆ ಮಂಜು, ಹೊಗೆ, ಎರಡೂ ಕಲಸಿದ ಬೂದು ಬಣ್ಣ. ಒಳಗೆ ಟೀವಿಯಲ್ಲೂ ಬೂದು ಬಣ್ಣ. ಒಮ್ಮೊಮ್ಮೆ ಅರೆಗಣ್ಣಿನಲ್ಲಿ ನೋಡುವಾಗ ಕಿಟಕಿ ಯಾವುದು, ಚಿತ್ರ ಯಾವುದು ಎಂದು ತಿಳಿಯುವುದಿಲ್ಲ. ಎದುರಿನ ಟವರಿನ ನೀರಿನ ಟ್ಯಾಂಕಿನ ಹಿಂದಿನಿಂದ ನಾಯಕಿ ಬಿಂದಿಗೆ ಹಿಡಿದು ನಡೆದುಬಂದಂತಾಗುತ್ತದೆ. ವಿಮಾನ ನಿಲ್ದಾಣ ಹತ್ತಿರ. ಪ್ರತಿಯೊಂದು ಮುಖ್ಯ ಮಾತಿನ ಮೇಲೂ ಒಂದು ವಿಮಾನ ಇಳಿಯುತ್ತದೆ. “ನೀನು ನನ್ನ ಮಗನೇ ಅಲ್ಲ” ಎಂದು ಯಾರೋ ತಂದೆ ಹೇಳಿದ್ದು ಕೇಳಿಸುವುದಿಲ್ಲ. ಮಗ ಏಕೆ ಗೋಡೆ ಹಿಡಿದು ನಿಂತ ಎಂದು ಆಮೇಲೆ ಎಲ್ಲರೂ ಸೇರಿ ಊಹಿಸಬೇಕು.

ನೋಡುವವರು ನಾವು ನಾಲ್ಕು ಜನ. ಸರೋಜ, ನಮ್ಮ ಜೊತೆಯಲ್ಲೇ ಇರುವ ಮಗಳು ಅನಿತಾ, ಖಾದರ್, ನಾನು. ಅನಿತಾ ಇಲ್ಲಿಯೇ ಹುಟ್ಟಿ ಬೆಳೆದವಳು, ಶಾಲೆಯಲ್ಲಿ ಟೀಚರು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ. ಮಾತಾಡುವಾಗ ಮಾತ್ರ ಹಿಂದಿ ಬಂದು ಪಕ್ಕದಲ್ಲಿ ಕೂರುತ್ತದೆ. ಖಾದರ್ ಬರುವಾಗ ಗಜಕ್ ತರುತ್ತಿದ್ದ, ಎಳ್ಳು ಬೆಲ್ಲದ ಆ ತೆಳ್ಳಗಿನ ಮಿಠಾಯಿ. ಅದನ್ನು ಮುರಿಯುವ ಸದ್ದು ಬೇಹುಗಾರನ ಹೆಜ್ಜೆಯ ಸದ್ದಿನಂತೆ ಇರುತ್ತದೆಂದು ಅನಿತಾ ಎಷ್ಟೋ ಸಲ ಬೈದಿದ್ದಾಳೆ.

ಚಿತ್ರ ಮುಗಿದ ಮೇಲೆ ತೀರ್ಪು. ತೀರ್ಪು ನನ್ನದು. ಫಸ್ಟ್ ಕ್ಲಾಸ್, ಸೆಕೆಂಡ್ ಕ್ಲಾಸ್, ಪಾಸು, ಡುಮ್ಕಿ, ಇಷ್ಟೇ. ನಾನು ಓದಿದ್ದು ಎಸ್ಸೆಸ್ಸೆಲ್ಸಿ; ಅದಕ್ಕಿಂತ ಮೇಲಿನ ಪದವಿಗಳನ್ನು ಕೊಡುವ ಅಧಿಕಾರ ನನಗಿಲ್ಲ. ಸರೋಜ ತೀರ್ಪಿನ ಗೊಡವೆಗೆ ಬರುವವಳಲ್ಲ. ಅವಳ ಕೆಲಸ ಬಣ್ಣ ಹೇಳುವುದು.

“ಆ ಸೀರೆ ಗಿಣಿ ಹಸಿರು,” ಎನ್ನುತ್ತಾಳೆ.

“ಅಮ್ಮಾ, ಯೇ ತೋ ಬ್ಲ್ಯಾಕ್ ಅಂಡ್ ವೈಟ್ ಹೈ. ನಿಂಗೆ ಹೇಗೆ ಗೊತ್ತು?”

“ಒಗೆದು ಒಣಗಿಸಿದವರಿಗೆ ಗೊತ್ತಾಗತ್ತೆ. ಅಂಚು ಅರಿಸಿನ. ಅವಳ ಅತ್ತೆಯದ್ದು ಕಂದು ಬಣ್ಣ, ಅವಳ ಮುಖಕ್ಕೆ ಅದೇ ಸರಿ.”

ಎಷ್ಟು ನಂಬಿಕೆಯಿಂದ ಹೇಳುತ್ತಾಳೆಂದರೆ ಸ್ವಲ್ಪ ಹೊತ್ತಿಗೆ ನಮಗೂ ಹಸಿರು ಕಾಣತೊಡಗುತ್ತದೆ. ನನ್ನ ತೀರ್ಪುಗಳನ್ನೂ ಜನ ಹೀಗೆಯೇ ನಂಬಿದ್ದರು. ದಿಲ್ಲಿಯ ಕನ್ನಡಿಗರ ನಡುವೆ ಹಳೆಯ ಚಿತ್ರಗಳ ಮಾತು ಬಂದರೆ “ನಂಜುಂಡಯ್ಯನವರನ್ನು ಕೇಳಿ” ಎನ್ನುವಷ್ಟು ಹೆಸರು ನನಗಿತ್ತು. ಒಮ್ಮೆ ಸಂಕ್ರಾಂತಿಯ ಕೂಟದಲ್ಲಿ ನನ್ನನ್ನು ಮೈಕಿನ ಮುಂದೆ ನಿಲ್ಲಿಸಿದರು. ನಾನು ಬಹಳ ಹೊತ್ತು ಮಾತನಾಡಿದೆ. ಚಪ್ಪಾಳೆಯಾಯಿತು. ನಾನು ಹೇಳಿದ ಪ್ರತಿಯೊಂದು ದೃಶ್ಯವೂ ವಿಶ್ರಾಂತಿಯ ನಂತರದ್ದು ಎಂಬುದನ್ನು ಒಬ್ಬರೂ ಗಮನಿಸಲಿಲ್ಲ.

ಏಕೆಂದರೆ, ಹೇಳಿಯೇಬಿಡುತ್ತೇನೆ, ನಾನು ಹುಟ್ಟಿದಾಗಿನಿಂದ ಈ ಚಳಿಗಾಲದವರೆಗೆ ಒಂದು ಚಿತ್ರವನ್ನೂ ಮೊದಲಿನಿಂದ ಕೊನೆಯವರೆಗೆ ನೋಡಿದವನಲ್ಲ.

ಎಸ್ಸೆಸ್ಸೆಲ್ಸಿ ಮುಗಿಸಿದ ಮೇಲೆ ಅರಸೀಕೆರೆಯಲ್ಲಿ ಚಿತ್ರಮಂದಿರವೊಂದರ ಸೈಕಲ್ ಸ್ಟ್ಯಾಂಡಿನಲ್ಲಿ ಕೆಲಸಕ್ಕಿದ್ದೆ. ಆ ಕೆಲಸದ ರೀತಿ ನಿಮಗೆ ತಿಳಿದಿರಲಾರದು. ಆಟ ಶುರುವಾಗುವ ಮುಂಚೆ ಸೈಕಲ್ಲುಗಳು ಬರುತ್ತವೆ. ಶುರುವಾದ ಮೇಲೂ ಬರುತ್ತಲೇ ಇರುತ್ತವೆ. ನಮ್ಮೂರಿನ ಜನಕ್ಕೆ ಹೊತ್ತಿಗೆ ಸರಿಯಾಗಿ ಬಂದರೆ ಅವಮಾನ. ಒಂದು ತಗಡಿನ ಬಿಲ್ಲೆ ಹ್ಯಾಂಡಲಿಗೆ, ಅದೇ ನಂಬರಿನ ಇನ್ನೊಂದು ಸವಾರನ ಕೈಗೆ. ಮೊದಲರ್ಧ ಪೂರ್ತಿ ನಾನು ಅಲ್ಲಿಂದ ಅಲ್ಲಾಡುವಂತಿರಲಿಲ್ಲ. ವಿಶ್ರಾಂತಿ ಮುಗಿದು ಸೋಡಾ ಗಾಡಿಯವನು ಬಾಟಲಿಗಳನ್ನು ಎಣಿಸಿಕೊಂಡ ಮೇಲೆ ಸ್ಟ್ಯಾಂಡಿನ ಗೇಟಿಗೆ ಸರಪಳಿ ಬೀಳುತ್ತಿತ್ತು. ಆಗ ಗೇಟ್‌ಕೀಪರ್ ಶಿವಣ್ಣ ಚಿತ್ರಮಂದಿರದ ಪಕ್ಕದ ಬಾಗಿಲನ್ನು ಒಂದು ಗೇಣು ತೆರೆದು, “ಹೋಗೋ, ನುಸುಳಿಕೋ” ಎನ್ನುತ್ತಿದ್ದ. ಆದರೆ ‘ಶುಭಂ’ ಬರುವ ಮೊದಲೇ ನಾನು ಹೊರಗಿರಬೇಕು. ಜನ ನುಗ್ಗುವಾಗ ಸರಪಳಿ ತೆಗೆದು ನಿಂತಿರದಿದ್ದರೆ ಮಾಲೀಕ ಕಿವಿ ಹಿಂಡುತ್ತಿದ್ದ. ನಾಯಕ ಬೆಟ್ಟದ ತುದಿಯತ್ತ ಓಡತೊಡಗಿದನೆಂದರೆ ನಾನು ಬಾಗಿಲಿನತ್ತ ಓಡುತ್ತಿದ್ದೆ.

ಆ ಕತ್ತಲೆಯೊಳಗೆ ಕಾಲಿಡುವುದನ್ನು ಹೇಗೆ ಹೇಳಲಿ? ಹೊರಗಿನ ಬಿಸಿಲು ಕಣ್ಣಿನಲ್ಲಿ ಇನ್ನೂ ಹಸಿರು ಚುಕ್ಕೆಗಳಾಗಿ ಕುಣಿಯುತ್ತಿರುತ್ತಿತ್ತು. ಬೀಡಿಯ ಹೊಗೆ, ಮಲ್ಲಿಗೆ, ಬೆವರು, ಸುಲಿದ ಕಡಲೆಕಾಯಿ ಸಿಪ್ಪೆ. ಎತ್ತರದಲ್ಲಿ ದೊಡ್ಡದೊಂದು ಮುಖ ಅಳುತ್ತಿರುತ್ತಿತ್ತು. ಏಕೆ ಅಳುತ್ತಿದೆ? ನನ್ನ ಸುತ್ತ ಇಡೀ ಊರು ಅಳುತ್ತಿರುತ್ತಿತ್ತು, ನನ್ನೊಬ್ಬನನ್ನು ಬಿಟ್ಟು. “ಅಣ್ಣಾ, ಅವಳ ಗಂಡ ಯಾರು?” ಎಂದು ಪಕ್ಕದವನನ್ನು ಕೇಳಿದರೆ “ಸುಮ್ನಿರಯ್ಯ” ಎನ್ನುತ್ತಿದ್ದ. ಸಾವಿನ ಮನೆಗೆ ದಾರಿ ತಪ್ಪಿ ಬಂದವನಂತೆ ಗೋಡೆಗೆ ಒರಗಿ ನಿಂತು, ಇವರಿಗೆಲ್ಲ ಏನಾಗಿರಬಹುದು ಎಂದು ನಾನೇ ಹಿಂದಿನದನ್ನು ಕಟ್ಟಿಕೊಳ್ಳುತ್ತಿದ್ದೆ. ಕೊನೆಯನ್ನು ತಿಳಿಯುವುದು ಸುಲಭ. ಬಿಲ್ಲೆ ಕೊಡುವ ಮುಖಗಳನ್ನು ನೋಡಿದರೆ ಸಾಕು. ಮೂಗು ಕೆಂಪಗಿದ್ದರೆ ನಾಯಕಿ ಸತ್ತಳು. ಸೈಕಲ್ ಬೆಲ್ ಹೊಡೆದುಕೊಂಡು ಹೋದರೆ ಮದುವೆ. ಗಂಡ ಹೆಂಡತಿಯನ್ನು ಹಿಂದಿನ ಕ್ಯಾರಿಯರಿಗೆ ಎಂದಿಗಿಂತ ನಿಧಾನವಾಗಿ, ಜೋಪಾನವಾಗಿ ಕೂರಿಸಿಕೊಂಡರೆ ಮಗು ಸಿಕ್ಕಿತು ಎಂದರ್ಥ.

ಹೀಗೆ ನಾನು ಆ ಕಾಲದ ಶ್ರೇಷ್ಠ ಚಿತ್ರಗಳನ್ನೆಲ್ಲ ‘ನೋಡಿದೆ’.

ಆಮೇಲೆ ದಿಲ್ಲಿಗೆ ಬಂದೆ. ಸರ್ಕಾರಿ ಕಚೇರಿಯೊಂದರಲ್ಲಿ ಟಪಾಲು ವಿಭಾಗದ ಕೆಲಸ ಸಿಕ್ಕಿತು. ಲಕ್ಷ್ಮೀ ನಗರದ ಒಂದು ಕೋಣೆಯಲ್ಲಿ ನಾವು ಕೆಲವರು ಕನ್ನಡದ ಹುಡುಗರು ಒಟ್ಟಿಗಿದ್ದೆವು. ಖಾದರ್ ಅಲ್ಲಿಯೇ ಪರಿಚಯವಾದವನು. ಹರಿಹರದವನು, ಛಾಪಖಾನೆಯಲ್ಲಿ ಕೆಲಸ. ಮೊದಲ ಚಳಿಗಾಲ ನಮ್ಮನ್ನು ಹೆದರಿಸಿಬಿಟ್ಟಿತ್ತು. ಭಾನುವಾರ ಬೆಳಗ್ಗೆ ಯಾರೂ ರಜಾಯಿಯಿಂದ ಹೊರಗೆ ಬರುತ್ತಿರಲಿಲ್ಲ. ಮೂಗಿನ ತುದಿ ಮಾತ್ರ ಹೊರಗಿಟ್ಟು ಮಲಗಿ, “ನಂಜ, ಕತೆ ಹೇಳೋ” ಎನ್ನುತ್ತಿದ್ದರು. ನಾನು ಹೇಳುತ್ತಿದ್ದೆ. ಮಧ್ಯದ ಭಾಗ ಚಿತ್ರದ್ದು. ತಲೆ ನನ್ನದು, ಬಾಲ ಊಹೆ. ಊರು ಬಿಟ್ಟು ಬಂದ ಹುಡುಗರು ಆ ತಲೆಗಳನ್ನು ಕೇಳಿ ರಜಾಯಿಯೊಳಗೇ ಮೂಗೆಳೆಯುತ್ತಿದ್ದರು. ಒಂದು ಸಲ ಸುಳ್ಳು ಹೇಳಿದವನಿಗೆ ಮರುವಾರ ಇನ್ನೊಂದು ಕತೆ ಬೇಕು ಎಂದರೆ ಏನು ಮಾಡುತ್ತಾನೆ? ಹೇಳುತ್ತಾನೆ. ಸರೋಜಳನ್ನು ನೋಡಲು ಹೋದಾಗಲೂ ನಾನು ಚಿತ್ರಗಳ ಬಗ್ಗೆಯೇ ಮಾತಾಡಿದೆ. ಪಾಪ, ಎಲ್ಲ ನೋಡಿರುವ ಗಂಡು ಎಂದು ಒಪ್ಪಿದಳು.

ಖಾದರನ ಬಗ್ಗೆ ಒಂದು ವಿಷಯ ಹೇಳಬೇಕು. ಅವನು ದಿಲ್ಲಿಗೆ ಬಂದದ್ದು ತಾನಾಗಿ ಅಲ್ಲ. ಅವನ ಅಣ್ಣ ಒಂದು ಸಂಜೆ ಅವನ ಟ್ರಂಕನ್ನು ಬೀದಿಗೆ ಎಸೆದು “ಇನ್ನು ಈ ಮನೆ ನಿನ್ನದಲ್ಲ” ಎಂದಿದ್ದ. ಖಾದರ್ ಇದನ್ನು ನನಗೆ ಒಂದೇ ಒಂದು ಸಲ ಹೇಳಿದ್ದ, ಅಂಗಿಗೆ ಗುಂಡಿ ಹೊಲಿಯುತ್ತ, ತಲೆ ಎತ್ತದೆ. ಆಮೇಲೆ ಅಣ್ಣನ ಸುದ್ದಿ ಎತ್ತಲಿಲ್ಲ. ಮದುವೆ ಮುಂಜಿಗಳಲ್ಲಿ ಅವರಿಬ್ಬರೂ ಭೇಟಿಯಾಗುತ್ತಿದ್ದರು, ಮಾತು ಅಷ್ಟಕ್ಕಷ್ಟೆ. ನಾನು ಅವನ ಪರವಾಗಿ ಆ ಅಣ್ಣನನ್ನು ಮನಸ್ಸಿನಲ್ಲೇ ದ್ವೇಷಿಸುತ್ತ ಬಂದೆ. ಗೆಳೆತನದಲ್ಲಿ ಅಷ್ಟನ್ನಾದರೂ ಮಾಡಬೇಕಲ್ಲ.

ಈ ಚಳಿಗಾಲದ ಆರಂಭದಲ್ಲಿ ಆ ಅಣ್ಣ ತೀರಿಕೊಂಡ. ಖಾದರ್ ಹರಿಹರಕ್ಕೆ ಹೋಗಿ ಮಣ್ಣು ಮುಗಿಸಿಕೊಂಡು ಬಂದ. ವಾಪಸು ಬಂದ ಮೊದಲ ಭಾನುವಾರ ಗಜಕ್ ತರಲಿಲ್ಲ. ಕೂತುಕೊಂಡು, “ಅನಿತಾ, ಆ ನೇಕಾರರ ಚಿತ್ರ ಹಾಕಮ್ಮ, ಅಣ್ಣ ತಮ್ಮಂದಿರದ್ದು,” ಎಂದ.

ಆ ಚಿತ್ರ ನನಗೆ ಗೊತ್ತಿತ್ತು, ನನಗೆ ಗೊತ್ತಿರುವ ಮಟ್ಟಿಗೆ. ಎಂದಿನಂತೆ ನಿದ್ದೆ ಹೋದೆ. ವಿಶ್ರಾಂತಿಗೆ ಎದ್ದೆ. ಅರಸೀಕೆರೆಯಲ್ಲಿ ಗೋಡೆಗೆ ಒರಗಿ ನೋಡಿದ್ದ ಅದೇ ದೃಶ್ಯ ಬಂತು. ಪಟ್ಟಣದಲ್ಲಿ ಓದುತ್ತಿದ್ದ ತಮ್ಮ ಮನೆಗೆ ಬಂದು, ಅಣ್ಣನ ಮಗ್ಗದ ಮೇಲೆ ಕೂತು ಲಾಳಿ ಎಸೆಯುತ್ತಾನೆ. ಅಣ್ಣ ಒಳಗೆ ಬರುತ್ತಾನೆ. ಒಂದು ಮಾತಿಲ್ಲ, ತಮ್ಮನ ರಟ್ಟೆ ಹಿಡಿದು ಎಬ್ಬಿಸಿ, ಕೆನ್ನೆಗೆ ಬಾರಿಸಿ, ಅವನ ಬಟ್ಟೆಗಂಟನ್ನು ಮಳೆಗೆ ಎಸೆಯುತ್ತಾನೆ. ನನಗೆ ಲಕ್ಷ್ಮೀ ನಗರದ ಕೋಣೆಯಲ್ಲಿದ್ದ, ಮೂಲೆ ನಗ್ಗಿದ ಆ ಟ್ರಂಕು ಕಂಡಿತು. ಗೆಳೆಯನಿಗಾಗಿ ರಕ್ತ ಕುದಿಯಿತು.

“ಡುಮ್ಕಿ!” ಎಂದೆ ಜೋರಾಗಿ. “ಇವನೊಬ್ಬ ಅಣ್ಣನಾ? ಮನುಷ್ಯನಾ? ಇಂಥವನು ಸತ್ತರೆ ಮಣ್ಣಿಗೂ ಹೋಗಬಾರದು.”

ವಿಮಾನ ಬರಬೇಕಾದಾಗ ಬರುವುದಿಲ್ಲ. ನನ್ನ ಮಾತು ಪೂರ್ತಿ ಕೇಳಿಸಿತು. ಸರೋಜ ನನ್ನತ್ತ ತಿರುಗಿ ನೋಡಿದ ನೋಟ ಇನ್ನೂ ಬೆನ್ನಿನಲ್ಲಿದೆ. ಖಾದರ್ ಎದ್ದು ಮಫ್ಲರ್ ಸುತ್ತಿಕೊಂಡ.

“ಚಲೋ ಭಾಭಿ, ಬರ್ತೀನಿ. ಮೆಟ್ರೋ ರಷ್ ಆಗತ್ತೆ.”

“ಇವತ್ತು ಸಂಡೇ ಹೈ, ಚಾಚಾ. ರಷ್ ಎಲ್ಲಿ?” ಎಂದಳು ಅನಿತಾ.

“ಆಗತ್ತಮ್ಮ,” ಎಂದು ಹೋದ.

ಮುಂದಿನ ವಾರ ಫೋನು ಮಾಡಿದೆ. ಮೊಣಕಾಲು ನೋವು ಎಂದ. ಅದರ ಮುಂದಿನ ವಾರವೂ ಮೊಣಕಾಲು. ಮೂರನೆಯ ಸಲ ಅವನ ಸೊಸೆ ಫೋನು ಎತ್ತಿ “ಅಬ್ಬಾ ಛತ್ ಮೇಲೆ ನಮಾಜಿಗೆ ಹೋಗಿದ್ದಾರೆ ಅಂಕಲ್” ಎಂದಳು. ಮೊಣಕಾಲು ನೋವಿನವನು ತಾರಸಿ ಹತ್ತಿದ್ದಾನೆ ಎಂದುಕೊಂಡೆ. ಜಗತ್ತಿನಲ್ಲಿ ನನ್ನನ್ನು ‘ನಂಜ’ ಎಂದು ಕರೆಯುವವನು ಈಗ ಅವನೊಬ್ಬನೇ. ಉಳಿದವರೆಲ್ಲ ಒಬ್ಬೊಬ್ಬರಾಗಿ ಹೋಗಿದ್ದಾರೆ. ಅವನೂ ಕರೆಯದಿದ್ದರೆ ಆ ಹೆಸರಿನವನು ಇದ್ದನೆಂಬುದಕ್ಕೆ ಯಾರ ಸಾಕ್ಷಿ?

“ನಾನು ಅವನ ಪರವಾಗಿಯೇ ಅಲ್ಲವೇನೇ ಮಾತಾಡಿದ್ದು?” ಎಂದು ಸರೋಜಳನ್ನು ಕೇಳಿದೆ.

“ರೀ, ನೀವು ಆ ಚಿತ್ರಾನ ಮೊದಲಿಂದ ನೋಡಿದ್ದೀರಾ?”

ನಕ್ಕು ಸುಮ್ಮನಾಗಲು ನೋಡಿದೆ. ಆಗಲಿಲ್ಲ.

“ಅಪ್ಪಾ, ಸಚ್ ಬೋಲೋ,” ಎಂದಳು ಅನಿತಾ.

ನಿಜ ಹೇಳಿದೆ. ಸೈಕಲ್ ಸ್ಟ್ಯಾಂಡು, ಸರಪಳಿ, ಶಿವಣ್ಣನ ಗೇಣುದ್ದ ಬಾಗಿಲು, ಎಲ್ಲ. ಹೇಳಿ ಮುಗಿಸಿದಾಗ ತಾಯಿ ಮಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನಗೆ ಬೈಗುಳ ಬೇಕಾಗಿತ್ತು. ಅವರಿಗೆ ನಗು ತಡೆಯಲಾಗಲಿಲ್ಲ. ಅನಿತಾ ಸೋಫಾದ ಮೇಲೆ ಉರುಳಿಬಿಟ್ಟಳು. ಸರೋಜ ಸೆರಗಿನಿಂದ ಕಣ್ಣೊರೆಸಿಕೊಂಡು, “ಅಯ್ಯೋ ನನ್ನ ಹಣೆಬರಹವೇ. ಅರ್ಧ ಗಂಡನ್ನ ನೋಡಿ ಒಪ್ಪಿಕೊಂಡ್ನಲ್ಲ!” ಎಂದಳು. ನಕ್ಕಿದ್ದು ಸಾಕಾದ ಮೇಲೆ ಅಡುಗೆಮನೆಗೆ ಹೋಗಿ ಗಟ್ಟಿ ಕಾಫಿ ಮಾಡಿ ತಂದಳು. ಸೋಫಾದಿಂದ ನನ್ನನ್ನು ಎಬ್ಬಿಸಿ, ಬೆನ್ನಿಲ್ಲದ ಸ್ಟೂಲಿನ ಮೇಲೆ ಕೂರಿಸಿದಳು. ಅನಿತಾ ಚಿತ್ರ ಹಾಕಿದಳು.

ನಿರ್ದೇಶಕರ ಹೆಸರನ್ನು ಮೊದಲ ಸಲ ಓದಿದೆ. ಆಮೇಲೆ ಶುರುವಾದದ್ದು ಕನಸಿನಂತಿತ್ತು. ನಾನು ದೊಡ್ಡವರನ್ನಾಗಿ ಮಾತ್ರ ಕಂಡಿದ್ದ ಜನ ಎಳೆಯರಾಗಿ ಓಡಾಡುತ್ತಿದ್ದರು. ಯಾವಾಗಲೂ ಗೋಡೆಗೆ ನೇತುಹಾಕಿದ ಫೋಟೋದಲ್ಲಿ ಮಾತ್ರ ಕಾಣುತ್ತಿದ್ದ ತಾಯಿ, ಅಂಗಳದಲ್ಲಿ ಕೂತು ನೂಲು ಸುತ್ತುತ್ತ ಹಾಡುತ್ತಿದ್ದಳು. ಅವಳಿಗೆ ಅಂಥ ದನಿಯಿದೆಯೆಂದು ನನಗೆ ತಿಳಿದಿರಲೇ ಇಲ್ಲ. ಮುರುಕು ಗೋಡೆಯೆಂದು ನಾನು ತಿಳಿದಿದ್ದ ಜಾಗದಲ್ಲಿ ಒಂದು ಇಡೀ ಮನೆಯಿತ್ತು, ಬಾಗಿಲಿಗೆ ತೋರಣವಿತ್ತು. ಆ ಅಣ್ಣ, ನನ್ನ ರಾಕ್ಷಸ, ಹುಡುಗನಾಗಿದ್ದ. ತಂದೆ ಹತ್ತಿಯ ಧೂಳು ಕುಡಿದು ಕುಡಿದು ಮಗ್ಗದ ಮೇಲೆಯೇ ಕೆಮ್ಮಿ ಸಾಯುತ್ತಾನೆ. ನಿದ್ದೆಯಲ್ಲಿ ನನಗೆ ಅಷ್ಟು ಸಲ ಕೇಳಿಸಿದ್ದ ಕೆಮ್ಮು ಅದೇ. ತಾಯಿ ಸಾಯುವಾಗ ದೊಡ್ಡವನ ಕೈಯನ್ನು ಚಿಕ್ಕವನ ತಲೆಯ ಮೇಲಿಟ್ಟು, ಇವನು ಮಗ್ಗ ಮುಟ್ಟಬಾರದು, ಏನಾದರೂ ಸರಿ ಮುಟ್ಟಗೊಡಬೇಡ ಎಂದು ಮಾತು ತೆಗೆದುಕೊಳ್ಳುತ್ತಾಳೆ. ಚಿಕ್ಕವನು ಆಗ ತೊಟ್ಟಿಲಲ್ಲಿ ನಿದ್ದೆಯಲ್ಲಿರುತ್ತಾನೆ. ಅವನಿಗೆ ಗೊತ್ತಿಲ್ಲ. ಗೊತ್ತಾಗಬಾರದೆಂದು ದೊಡ್ಡವನು ಯಾವತ್ತೂ ಹೇಳುವುದೂ ಇಲ್ಲ.

ಕಾಫಿ ಲೋಟದಲ್ಲೇ ಆರಿಹೋಗಿತ್ತು. ಮಗ್ಗದ ದೃಶ್ಯ ಮತ್ತೆ ಬಂದಾಗ ಆ ಏಟು ನನ್ನ ಕೆನ್ನೆಗೇ ಬಿತ್ತು. ಈ ಸಲ ಕೊನೆಯವರೆಗೂ ಕೂತಿದ್ದೆ. ತಮ್ಮ ದೊಡ್ಡ ಮನುಷ್ಯನಾಗಿ ಊರಿಗೆ ಬರುವಷ್ಟರಲ್ಲಿ ಅಣ್ಣ ಇರುವುದಿಲ್ಲ. ತಮ್ಮ ಮಗ್ಗದ ಮುಂದೆ ನಿಂತು, ಅದನ್ನು ಮುಟ್ಟದೆ, ಕೈಗಳನ್ನು ಹಿಂದೆ ಕಟ್ಟಿಕೊಳ್ಳುತ್ತಾನೆ. ಅಷ್ಟೇ. ಅರಸೀಕೆರೆಯಲ್ಲಿ ಆ ಚಿತ್ರ ಬಿಟ್ಟ ಮೇಲೆ ಜನ ಯಾಕೆ ಅಳದೆ, ನಗದೆ, ಬಿಲ್ಲೆ ಕೊಟ್ಟು ತಮ್ಮ ಸೈಕಲ್ಲುಗಳನ್ನು ತಳ್ಳಿಕೊಂಡೇ ನಡೆದುಹೋಗುತ್ತಿದ್ದರೆಂದು ನನಗೆ ಆಗ ಬಗೆಹರಿದಿರಲಿಲ್ಲ.

ಮರುದಿನ ಬೆಳಗ್ಗೆಯೇ ಮೆಟ್ರೋ ಹತ್ತಿದೆ. ಖಾದರ್ ನನಗಾಗಿ ಎಷ್ಟೋ ವರ್ಷ ಮಾಡಿದ ಪ್ರಯಾಣವನ್ನು ನಾನು ಅವನಿಗಾಗಿ ಮಾಡಿದ್ದು ಬಹಳ ಕಡಿಮೆ. ಕಿಟಕಿಯಾಚೆ ಮಂಜಿನಲ್ಲಿ ಟೆರೇಸುಗಳು, ಒಣಗಿದ ಬಟ್ಟೆಗಳು, ಯಮುನೆ ಎಂದು ಹೇಳಬಹುದಾದ ಒಂದು ಬಿಳಿಚು ಗೆರೆ. ಅವನ ಅಣ್ಣನಿಗೂ ಒಂದು ಕಾರಣವಿದ್ದಿರಬೇಕು. ಅದನ್ನು ಹೇಳಿ ಅವನಿಗೆ ಸಮಾಧಾನ ಮಾಡಬೇಕು ಎಂದು ಮಾತುಗಳನ್ನು ಜೋಡಿಸಿಕೊಳ್ಳುತ್ತ ಹೋದೆ.

ಖಾದರ್ ಛತ್ ಮೇಲೆ ಬಿಸಿಲಿನಲ್ಲಿ, ಮಂಚದ ಮೇಲೆ ಕೂತು ಬಟಾಣಿ ಬಿಡಿಸುತ್ತಿದ್ದ. ನನ್ನನ್ನು ಕಂಡು ಸ್ವಲ್ಪ ಸರಿದು ಜಾಗ ಬಿಟ್ಟ. ನಾನೂ ಒಂದು ಹಿಡಿ ಕಾಯಿ ತೆಗೆದುಕೊಂಡೆ.

“ಮೊಣಕಾಲು ಹೇಗಿದೆ?”

“ಯಾವ ಮೊಣಕಾಲು?” ಎಂದವನು, ನೆನಪಾಗಿ, “ಹಾಂ, ಪರವಾಗಿಲ್ಲ,” ಎಂದ.

“ಖಾದರ್, ಆ ಚಿತ್ರ ನಾನು ನೋಡಿರಲಿಲ್ಲ ಕಣೋ.”

“ಗೊರಕೆ ಹೊಡೀತಿದ್ದೆ. ಗೊತ್ತು.”

“ಆವತ್ತಲ್ಲ. ಯಾವತ್ತೂ. ಯಾವ ಚಿತ್ರಾನೂ ನಾನು ಮೊದಲಿಂದ ನೋಡಿಲ್ಲ. ಸೈಕಲ್ ಸ್ಟ್ಯಾಂಡಲ್ಲಿದ್ದೆ. ವಿಶ್ರಾಂತಿ ಆದ್ಮೇಲೇ ಒಳಗೆ ಬಿಡ್ತಿದ್ದಿದ್ದು.”

ಅವನ ಕೈ ನಿಂತಿತು. “ಹಾಗಾದ್ರೆ ಲಕ್ಷ್ಮೀ ನಗರದಲ್ಲಿ ಹೇಳ್ತಿದ್ದೆಯಲ್ಲ?”

“ಕಟ್ಟಿದ್ದು.”

“ಆ ಕುರುಡಿ ಅಜ್ಜಿ? ಮೊಮ್ಮಗನಿಗೆ ಅಂತ ಲಾಡು ಬಚ್ಚಿಟ್ಟಿರ್ತಾಳಲ್ಲ?”

“ಇಲ್ಲ. ಅಂಥ ಅಜ್ಜಿ ಯಾವ ಚಿತ್ರದಲ್ಲೂ ಇಲ್ಲ.”

“ಆ ರೈಲು?”

“ರೈಲು ಇದೆ. ರೈಲು ವಿಶ್ರಾಂತಿ ಆದ್ಮೇಲೆ ಬರತ್ತೆ.”

“ಬದ್ಮಾಶ್!” ಎಂದ. “ಆ ಅಜ್ಜಿಗೋಸ್ಕರ ನಾನು ರಜಾಯಿ ಒಳಗೆ ಅತ್ತಿದ್ದೀನಲ್ಲೋ! ನನ್ನ ಹೆಂಡತಿಗೆ ಹೇಳಿ ಅವಳನ್ನೂ ಅಳಿಸಿದ್ದೆ!” ನಗುವಿನ ರಭಸಕ್ಕೆ ಅವನ ಮಡಿಲಲ್ಲಿದ್ದ ಬಟಾಣಿ ಕಾಳುಗಳು ಛತ್ ತುಂಬ ಉರುಳಿದವು. ನಾವಿಬ್ಬರೂ ಬಗ್ಗಿ, ನಡು ಹಿಡಿದುಕೊಂಡು, ಅವನ್ನು ಹೆಕ್ಕಿದೆವು.

ಇದೇ ಸಮಯ ಎಂದುಕೊಂಡೆ. “ನಿನ್ನೆ ಪೂರ್ತಿ ನೋಡ್ದೆ ಖಾದರ್. ಆ ಅಣ್ಣ ಎಂಥ ದೊಡ್ಡ ಮನುಷ್ಯ. ನಾನು ಆಡಬಾರದ್ದು ಆಡಿದೆ, ತಪ್ಪಾಯ್ತು. ನಿಮ್ಮಣ್ಣನಿಗೂ ಅಂಥದ್ದೇ ಏನೋ ಕಾರಣ ಇದ್ದಿರಬೇಕು.”

“ಇರಲಿಲ್ಲ,” ಎಂದ.

ನಾನು ತಲೆ ಎತ್ತಿದೆ.

“ಮಣ್ಣಿಗೆ ಹೋದಾಗ ಅತ್ತಿಗೇನ ಕೇಳ್ದೆ. ಅಣ್ಣ ಆವತ್ತು ನನ್ನ ಯಾಕೆ ಹೊರಗೆ ಹಾಕ್ದ, ನಿಮಗಾದರೂ ಗೊತ್ತಾ ಅಂತ. ಅವರಿಗೆ ಟ್ರಂಕ್ ಎಸೆದಿದ್ದೇ ನೆನಪಿಲ್ಲ. ‘ಏನೋ ಸಿಟ್ಟು ಬಂದಿರಬೇಕು, ನಿಮ್ಮಣ್ಣನ ಸಿಟ್ಟು ಗೊತ್ತಲ್ಲ’ ಅಂದ್ರು. ಅಷ್ಟೇ ಕಣೋ. ಒಂದು ಸಿಟ್ಟಿಗೆ ನಾನು ದಿಲ್ಲಿಗೆ ಬಂದು ಮುದುಕ ಆಗ್ಬಿಟ್ಟೆ.” ಒಂದು ಕಾಯಿ ಬಿಡಿಸಿ, ಕಾಳುಗಳನ್ನು ಹೆಬ್ಬೆರಳಿನಿಂದ ನಿಧಾನವಾಗಿ ಜಾರಿಸಿದ. “ಆ ಸಿನಿಮಾದಲ್ಲಿ ಕಾರಣ ಇದೆ. ಎಂಥ ಒಳ್ಳೇ ಕಾರಣ. ನೋಡಿದಾಗೆಲ್ಲ ಆ ಅಣ್ಣನ ಅಂಗಿ ತೆಗೆದು ನಮ್ಮಣ್ಣನಿಗೆ ತೊಡಿಸ್ತಿದ್ದೆ. ಚೆನ್ನಾಗಿ ಕೂರ್ತಿತ್ತು. ಆವತ್ತೂ ತೊಡಿಸ್ತಾ ಇದ್ದೆ, ನೀನು ಬಂದು ಬಿಚ್ಚಿಹಾಕ್ದೆ.”

ನನ್ನ ನಾಲಿಗೆ ಸುಮ್ಮನಿರುವ ಜಾತಿಯದಲ್ಲ. ಅಷ್ಟರಲ್ಲೇ ಅದು ಕತೆಗೊಂದು ತಲೆ ಕಟ್ಟಿ ಸಿದ್ಧಮಾಡಿಕೊಂಡಿತ್ತು: ತಂದೆಗೆ ಕೊಟ್ಟ ಮಾತು, ಊರಿನಲ್ಲಿ ಯಾವುದೋ ಅಪಾಯ, ತಮ್ಮನನ್ನು ಉಳಿಸಲು ನಟಿಸಿದ ಕೋಪ. ಹೇಳಿದ್ದರೆ ಖಾದರ್ ನಂಬುತ್ತಿರಲಿಲ್ಲ, ಆದರೂ ಕೇಳುತ್ತಿದ್ದ. ಅದನ್ನು ನುಂಗಿಕೊಂಡೆ.

“ನಿಮ್ಮಣ್ಣ ಹೇಗಿದ್ದ?” ಎಂದೆ. “ನಿನ್ನ ಟ್ರಂಕ್ ಎಸೆಯೋಕೆ ಮುಂಚೆ. ನೀನು ಚಿಕ್ಕವನಿದ್ದಾಗ. ನನಗೆ ಏನೂ ಗೊತ್ತಿಲ್ಲ.”

ಪಕ್ಕದ ಛತ್ ಮೇಲೆ ಯಾರೋ ಹುಡುಗಿ ಕೂದಲು ಒಣಗ ಹಾಕಿಕೊಂಡು ಫೋನಿನಲ್ಲಿ ನಗುತ್ತಿದ್ದಳು. ಕೆಳಗಿನಿಂದ ಸಬ್ಜಿಯವನ ಕೂಗು ಬಂತು. ಖಾದರ್ ಮೆಟ್ಟಿಲಿನತ್ತ ತಿರುಗಿ, “ಬೇಟಾ, ಇವನಿಗೂ ರೋಟಿ ಹಾಕು. ನಂಜ ಸಂಜೆವರೆಗೂ ಇರ್ತಾನೆ,” ಎಂದು ಕೂಗಿ ಹೇಳಿದ. ಆಮೇಲೆ ಕಾಲು ಮಂಚದ ಮೇಲೆ ಎಳೆದುಕೊಂಡ.

“ಬೇಸಿಗೇಲಿ ಹೊಳೆ ಆಚೆ ಮರಳಲ್ಲಿ ಕರಬೂಜ ಹಾಕಿರೋರು,” ಎಂದ. “ನನಗೆ ಈಜು ಬರ್ತಿರಲಿಲ್ಲ. ಈಗಲೂ ಬರಲ್ಲ ಅನ್ನು. ಅಣ್ಣ ನನ್ನನ್ನ ಹೆಗಲ ಮೇಲೆ ಕೂರಿಸ್ಕೊಂಡು ಹೊಳೆಗೆ ಇಳಿಯೋನು. ನಡುಮಧ್ಯಕ್ಕೆ ಬಂದ್ರೆ ನೀರು ಅವನ ಬಾಯಿವರೆಗೂ ಬರೋದು. ನಾನು ಮೇಲೆ ಕೂತು ಹೆದರ್ಕೊಂಡು ‘ಅಣ್ಣಾ, ಇನ್ನೆಷ್ಟು ದೂರ, ಇನ್ನೆಷ್ಟು ದೂರ’ ಅಂತ ಕೇಳ್ತಾನೇ ಇರ್ತಿದ್ದೆ. ಅವನಿಗೆ ಉತ್ತರ ಕೊಡೋಕೆ ಆಗ್ತಿರಲಿಲ್ಲ, ಬಾಯಿ ಬಿಟ್ರೆ ನೀರು. ಅದಕ್ಕೆ ನನ್ನ ಕಾಲನ್ನ ಒತ್ತೋನು. ಒಂದು ಸಲ ಒತ್ತಿದ್ರೆ, ಬಂತು ಕಣೋ, ಇಲ್ಲೇ ಇದ್ದೀನಿ ಅಂತ.”

ಅವನು ಪೈಜಾಮವನ್ನು ಸ್ವಲ್ಪ ಮೇಲಕ್ಕೆ ಸರಿಸಿ, ಒಣಗಿ ಬೆಳ್ಳಗಾಗಿದ್ದ ತನ್ನ ಕಣಕಾಲನ್ನು ಎರಡೂ ಕೈಯಿಂದ ಸುತ್ತಿ ಹಿಡಿದು ತೋರಿಸಿದ.

“ಇಲ್ಲಿ,” ಎಂದ. “ಹೀಗೆ.”